ರೋಗವೂ ಬೇನೆಯೂ

ಕನ್ನಡದಲ್ಲಿ ರೋಗವೆಂಬ ಮಾತೂ ಉಂಟು, ಬೇನೆಯೆಂಬ ಮಾತೂ ಉಂಟು. ನಿಘಂಟು ಇವೆರಡನ್ನೂ ಒಂದರ ಪಕ್ಕದಲ್ಲೊಂದು ಕೂರಿಸುತ್ತದೆ. ಆದರೆ ಮಾತನಾಡುವ ಜನ ಇವುಗಳ ನಡುವಣ ಅಂತರವನ್ನು ಚೆನ್ನಾಗಿ ಬಲ್ಲರು. ರೋಗವು ವೈದ್ಯನು ಕಂಡುಹಿಡಿಯತಕ್ಕದ್ದು. ಬೇನೆಯು ರೋಗಿಯು ತಿನ್ನತಕ್ಕದ್ದು. ಒಂದೇ ರೋಗವಿರುವ ಇಬ್ಬರು ಒಂದೇ ಬೇನೆಯನ್ನು ತಿನ್ನುವುದಿಲ್ಲ. ಒಬ್ಬನಿಗೆ ಮನೆಯಲ್ಲಿ ದುಡಿಯುವ ಮಕ್ಕಳಿದ್ದಾರೆ, ಇನ್ನೊಬ್ಬನಿಗೆ ಬೆಳೆಯಬೇಕಾದ ಮಕ್ಕಳಿದ್ದಾರೆ. ಅಷ್ಟರಿಂದಲೇ ಬೇನೆ ಬೇರೆಯಾಗುತ್ತದೆ.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಆರ್ಥರ್ ಕ್ಲೈನ್‌ಮನ್ ಎಂಬವರು ಮನೋವೈದ್ಯರೂ ಹೌದು, ಮಾನವಶಾಸ್ತ್ರಜ್ಞರೂ ಹೌದು. ರೋಗಿಗಳು ಹೇಳಿಕೊಳ್ಳುವ ಬೇನೆಯ ಕಥನಗಳನ್ನು ಕುರಿತು 1988ರಲ್ಲಿ ಅವರು ಬರೆದ ಪುಸ್ತಕವು ಹೆಚ್ಚುಕಡಮೆ ಇದೇ ಭೇದವನ್ನು ತಳಹದಿಯಾಗಿ ಇರಿಸಿಕೊಂಡಿದೆ. ವೈದ್ಯಶಾಸ್ತ್ರವನ್ನೂ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ, ಮಾನವಶಾಸ್ತ್ರಗಳನ್ನೂ ಒಟ್ಟಿಗೆ ತರುವ ಒಂದು ಸಂಶೋಧನಾ ಶಾಖೆ ಕಳೆದ ಕೆಲವು ದಶಕಗಳಲ್ಲಿ ಲೋಕದ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಬೆಳೆದಿದೆ. ಇದನ್ನು ವೈದ್ಯಕೀಯ ಮಾನವಿಕವೆಂದು ಕರೆಯಬಹುದು. ಈ ಶಾಖೆ ನಮಗೆ ಏತಕ್ಕೆ ಬೇಕು, ನಮ್ಮ ಸಾಹಿತ್ಯದ ಮೇಷ್ಟರುಗಳಿಗೆ ಇದರಲ್ಲಿ ಏನು ಕೆಲಸ ಎಂಬುದನ್ನು ವಾಚಕರೊಡನೆ ಆಲೋಚಿಸಬೇಕೆಂದು ಈ ವಾರ ನನಗೆ ಮನಸ್ಸಾಗಿದೆ. ಅದಕ್ಕೆ ಪ್ರೇರಣೆ ಯಾವ ಗ್ರಂಥವೂ ಅಲ್ಲ, ನನ್ನ ಸೋದರತ್ತೆ.

ಅತ್ತೆ ಹಳ್ಳಿಯವರು. ಮಾವ ತೀರಿಕೊಂಡ ಮೇಲೆ ಕೆಲವು ಕಾಲ ನಮ್ಮಲ್ಲಿ ಬಂದಿದ್ದರು. ಬಂದ ಹೊಸದರಲ್ಲೇ ಎರಡು ಬಾರಿ ಕುಸಿದುಬಿದ್ದರು. ಹೆಸರಾದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. "ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತೆ ಸ್ವಾಮಿ" ಎಂದು ಅತ್ತೆ ಆರಂಭಿಸಿದರು. ಹೊರಗೆ ಐವತ್ತು ಮಂದಿ ಕಾದಿದ್ದರು. "ತಲೆ ಸುತ್ತುತ್ತಾ ಅಮ್ಮ?" ಎಂದು ತರುಣ ವೈದ್ಯರು ಕೇಳಿದರು. ದೊಡ್ಡವರ ಮಾತಿಗೆ ಅಡ್ಡ ಹೇಳಬಾರದೆಂಬ ಸಂಕೋಚದಿಂದ ಅತ್ತೆ "ಹೂಂ, ಅಂಥದ್ದೇ ಅನ್ನಿ" ಎಂದರು. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ 'ಗಿಡ್ಡಿನೆಸ್' ಎಂದು ಬಿತ್ತು. ತಲೆಸುತ್ತಿನ ಮಾತ್ರೆಗಳು ಬಂದವು. ಎರಡು ತಿಂಗಳು ನುಂಗಿದರು. ಮೂರನೆಯ ಸಾರಿ ಬಚ್ಚಲಲ್ಲಿ ಬಿದ್ದು ಮುಂಗೈ ಮುರಿಯಿತು.

ಕೈಗೆ ಕಟ್ಟು ಹಾಕಿಸಿದ ಮೇಲೆ ನಮ್ಮ ಬೀದಿಯ ವೃದ್ಧ ವೈದ್ಯರೊಬ್ಬರಲ್ಲಿಗೆ ಹೋದೆವು. ಅವರು ಕೇಳಿದ್ದು ಒಂದೇ ಮಾತು: "ಮೊದಲಿನಿಂದ ಹೇಳಿ ತಾಯಿ." ಅತ್ತೆ ಹೇಳಿದರು. ಮಾವನ ಕಾಯಿಲೆ, ಮಾವನ ಸಾವು, ಆಮೇಲೆ ಖಾಲಿಯಾದ ಮನೆ; ಮಾತು ಎಲ್ಲಿಯೋ ಹೋಗುತ್ತಿದೆಯೆಂದು ನನಗೇ ಮುಜುಗರವಾಗಿ ತಡೆಯಹೋದೆ. ವೈದ್ಯರು ಕೈಸನ್ನೆಯಿಂದ ನನ್ನನ್ನು ಸುಮ್ಮನಿರಿಸಿದರು. ಆಗ ಅತ್ತೆಯ ಬಾಯಿಂದ ಆ ಮಾತು ಬಂತು: "ಅವರು ಆರು ತಿಂಗಳ ಮಾತ್ರೆ ಒಟ್ಟಿಗೆ ತಂದಿಟ್ಟಿದ್ದರು. ದುಡ್ಡು ಕೊಟ್ಟು ತಂದದ್ದು, ದಂಡ ಮಾಡುವುದಕ್ಕೆ ಮನಸ್ಸು ಬರಲಿಲ್ಲ. ನನ್ನದೂ ಬೀಪಿ ಮಾತ್ರೆ, ಅವರದ್ದೂ ಬೀಪಿ ಮಾತ್ರೆ. ಬೆಳಿಗ್ಗೆ ನನ್ನದು ತಗೊಂಡು ರಾತ್ರಿ ಅವರದ್ದು ತಗೋತೀನಿ." ವೈದ್ಯರು ಆಕೆಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದ ಒತ್ತಡವನ್ನು ನೋಡಿದರು. ನಿಂತಾಗ ಅದು ತಳಕ್ಕೆ ಇಳಿದಿತ್ತು. ಮಾವನ ಡಬ್ಬಿಯನ್ನು ತೆಗೆದಿರಿಸಿದೆವು. ಅತ್ತೆ ಮತ್ತೆ ಬೀಳಲಿಲ್ಲ.

ಈ ಪ್ರಸಂಗದಲ್ಲಿ ತರುಣ ವೈದ್ಯರನ್ನು ದೂರುವುದು ನನ್ನ ಉದ್ದೇಶವಲ್ಲ. ಐವತ್ತು ಜನರ ಸಾಲು ನಿಜವಾದುದೇ. ನಾನು ಗಮನಿಸಿದುದು ಬೇರೆ. ತಲೆ ಸುತ್ತುವುದು ಬೇರೆ, ಕಣ್ಣು ಕತ್ತಲೆ ಬರುವುದು ಬೇರೆ. ಸುತ್ತಿನ ಮೂಲ ಹಲವೊಮ್ಮೆ ಒಳಕಿವಿಯಲ್ಲಿರುತ್ತದೆ. ಎದ್ದೊಡನೆ ಕವಿಯುವ ಕತ್ತಲೆಯ ಮೂಲ ಹಲವೊಮ್ಮೆ ಮಿದುಳಿಗೆ ಆ ಕ್ಷಣಕ್ಕೆ ರಕ್ತ ಸಾಲದಿರುವುದರಲ್ಲಿರುತ್ತದೆ. ವೈದ್ಯವಿದ್ಯೆ ಪ್ರಯಾಸಪಟ್ಟು ಕಲಿಸುವ ಈ ವಿವೇಚನೆಯನ್ನು ಅಕ್ಷರ ಬಾರದ ಅತ್ತೆಯ ಕನ್ನಡ ಮೊದಲೇ ಮಾಡಿಟ್ಟಿತ್ತು. ಆಕೆ ಸರಿಯಾದ ಮಾತನ್ನೇ ಹೇಳಿದ್ದರು. ಅದು ಚೀಟಿಗೆ ಇಳಿಯುವಾಗ ಎರಡು ಮಾತುಗಳು ಕರಗಿ ಒಂದಾದವು. ಆ ಕರಗುವಿಕೆಯಲ್ಲಿ ಒಂದು ಮುಂಗೈ ಮುರಿಯಿತು.

ಕೇಳುವುದಕ್ಕೆ ಪುರಸತ್ತೆಲ್ಲಿ ಎಂಬ ಪ್ರಶ್ನೆ ಸಹಜ. ಇದನ್ನು ಅಳೆದು ನೋಡಿದವರಿದ್ದಾರೆ. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬಿಬ್ಬರು ಅಮೆರಿಕದಲ್ಲಿ 74 ಭೇಟಿಗಳನ್ನು ಪರೀಕ್ಷಿಸಿ ಪ್ರಕಟಿಸಿದ ಲೇಖನದ ಪ್ರಕಾರ, ವೈದ್ಯರು ರೋಗಿಯ ಮೊದಲ ಮಾತನ್ನು ಸರಾಸರಿ 18 ಸೆಕೆಂಡುಗಳಲ್ಲಿ ತಡೆದಿದ್ದರು. ತಮ್ಮ ಮಾತನ್ನು ಪೂರ್ತಿ ಹೇಳಿಕೊಳ್ಳಲು ಅವಕಾಶ ದೊರೆತದ್ದು ನೂರಕ್ಕೆ 23 ಭೇಟಿಗಳಲ್ಲಿ ಮಾತ್ರ. ತಡೆಯದಿದ್ದರೆ ರೋಗಿಯು ಎಷ್ಟು ಹೊತ್ತು ಮಾತನಾಡಿಯಾನು? 2002ರಲ್ಲಿ ಸ್ವಿಟ್ಜರ್ಲೆಂಡಿನ ಕೆಲವು ವೈದ್ಯರು 335 ರೋಗಿಗಳನ್ನು ತಡೆಯದೆ ಕೇಳಿದ ಫಲವನ್ನು ಪ್ರಕಟಿಸಿದರು. ಸರಾಸರಿ 92 ಸೆಕೆಂಡು. ನೂರಕ್ಕೆ 78 ಮಂದಿ ಎರಡು ನಿಮಿಷದೊಳಗೆ ತಾವಾಗಿಯೇ ನಿಲ್ಲಿಸಿದ್ದರು. ಕೊನೆಯೇ ಇಲ್ಲದಂತೆ ಮಾತನಾಡುವ ರೋಗಿಯ ಭಯ ಬಹಳ ಮಟ್ಟಿಗೆ ನಮ್ಮ ಕಲ್ಪನೆಯೆಂದಾಯಿತು. ಆದರೆ ನಮ್ಮ ನಾಡಿನ ಮಟ್ಟಿಗೆ ಇನ್ನೊಂದು ಲೆಕ್ಕವನ್ನೂ ಮರೆಯಬಾರದು. 2017ರಲ್ಲಿ ಹಲವು ದೇಶಗಳ ಅಂಕಿಗಳನ್ನು ಒಟ್ಟುಗೂಡಿಸಿದ ಒಂದು ಸಮೀಕ್ಷೆಯಲ್ಲಿ ಪ್ರಾಥಮಿಕ ಚಿಕಿತ್ಸೆಯ ಭೇಟಿಯ ಸರಾಸರಿ ಅವಧಿ ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಭಾರತದಲ್ಲಿ ಸುಮಾರು ಎರಡು ನಿಮಿಷ ಎಂದು ಕಂಡುಬಂದಿತು. ಹೇಳುವುದಕ್ಕೇ ಬೇಕಾದ ಎರಡು ನಿಮಿಷ ನಮ್ಮಲ್ಲಿ ಇಡೀ ಭೇಟಿಗೆ ದೊರೆಯುವ ಎರಡು ನಿಮಿಷ. ಆದಕಾರಣ ವೈದ್ಯರ ಸಂಖ್ಯೆಯನ್ನು ಹೆಚ್ಚಿಸದೆ ಬರಿಯ ಸಹಾನುಭೂತಿಯನ್ನು ಬೋಧಿಸುವುದು ವೈದ್ಯರಿಗೂ ಅನ್ಯಾಯ, ರೋಗಿಗಳಿಗೂ ಅನ್ಯಾಯ.

ಹೊತ್ತು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಆಗಲೂ ಕೇಳುವ ಕಲೆ ತಾನಾಗಿ ಬರುವುದಿಲ್ಲ, ಅದನ್ನು ಕಲಿಯಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಹರ್ಷಿ ಎಂಬ ಊರಿನ ವೈದ್ಯಕೀಯ ಕಾಲೇಜು 1967ರಲ್ಲಿ ತೆರೆದಾಗಲೇ ಅಂಗರಚನಾಶಾಸ್ತ್ರದಂತೆ ಮಾನವಿಕಗಳಿಗೂ ಒಂದು ಪ್ರತ್ಯೇಕ ವಿಭಾಗವನ್ನು ಇರಿಸಿಕೊಂಡಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ರೀಟಾ ಶರೋನ್ ಎಂಬ ವೈದ್ಯೆ ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದು, ಕಥನವನ್ನು ಆಧಾರವಾಗುಳ್ಳ ಒಂದು ವೈದ್ಯಪದ್ಧತಿಯನ್ನು ರೂಪಿಸಿದರು. ಅವರ ಒಂದು ಸಾಧನ ಬಹಳ ಸರಳ. ಆಸ್ಪತ್ರೆಯ ದಾಖಲೆಯಲ್ಲಿ ಬರೆಯಲಾಗದ, ಆದರೆ ಎಲ್ಲಿಯಾದರೂ ಬರೆಯಲೇಬೇಕಾದ ಸಂಗತಿಗಳನ್ನು ವಿದ್ಯಾರ್ಥಿಯು ಇನ್ನೊಂದು ಹಾಳೆಯಲ್ಲಿ ಮನೆಮಾತಿನಲ್ಲಿ ಬರೆದು ಸಹಪಾಠಿಗಳಿಗೆ ಓದಿಹೇಳಬೇಕು. ಮಾವನ ಮಾತ್ರೆಯ ಡಬ್ಬಿಗೆ ತಕ್ಕ ಸ್ಥಳ ಅಂಥ ಹಾಳೆಯೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಾವ್ಯವನ್ನು ಓದಿದ ವೈದ್ಯನು ಸಜ್ಜನನಾಗುತ್ತಾನೆಂದು ಹೇಳುವವರುಂಟು. ಈ ಮಾತನ್ನು ಚರಿತ್ರೆ ಒಪ್ಪುವುದಿಲ್ಲ. ಸೆರೆಯಾಳುಗಳ ಮೇಲೆ ಘೋರ ಪ್ರಯೋಗಗಳನ್ನು ನಡೆಸಿದುದಕ್ಕಾಗಿ 1946ರ ಡಿಸೆಂಬರಿನಲ್ಲಿ ನ್ಯೂರೆಂಬರ್ಗಿನ ನ್ಯಾಯಾಲಯದ ಮುಂದೆ ನಿಂತ 23 ಮಂದಿಯಲ್ಲಿ 20 ಮಂದಿ ವೈದ್ಯರು. ಅವರು ಬೆಳೆದುಬಂದದ್ದು ಸಾಹಿತ್ಯ ಸಂಗೀತಗಳಿಗೆ ಲೋಕಪ್ರಸಿದ್ಧವಾದ ನಾಡಿನಲ್ಲಿ. ಆದುದರಿಂದ ಸಾಹಿತ್ಯವನ್ನು ನಡತೆಗೆ ಹಚ್ಚುವ ಮೆರುಗೆಂದು ವೈದ್ಯ ವಿದ್ಯಾರ್ಥಿಗಳಿಗೆ ಕೊಡುವುದರಲ್ಲಿ ನನಗೆ ನಂಬಿಕೆಯಿಲ್ಲ. ನಾನು ಹೇಳುವುದು ಅದಕ್ಕಿಂತ ಚಿಕ್ಕ ಮಾತು. ಬೇನೆಯ ಮಾತನ್ನು ಅರಿಯುವುದು ಒಂದು ಜ್ಞಾನ. ಪದಕ್ಕೂ ಪದಕ್ಕೂ ಇರುವ ಭೇದವನ್ನು ಹಿಡಿಯುವುದು, ಹೇಳಿದುದರ ಹಿಂದೆ ಹೇಳದೆ ಉಳಿದುದನ್ನು ಊಹಿಸುವುದು, ಕಥೆಯಲ್ಲಿ ಕಾಲವೂ ಕಾರಣವೂ ಹೇಗೆ ಹೆಣೆದುಕೊಳ್ಳುತ್ತವೆಂದು ನೋಡುವುದು, ಇವು ಸಾಹಿತ್ಯಾಭ್ಯಾಸದ ನಿತ್ಯದ ಕೆಲಸಗಳು. ಈ ಜ್ಞಾನವಿಲ್ಲದಿದ್ದರೆ ಸಜ್ಜನನಾದ ವೈದ್ಯನೂ ತಪ್ಪುತ್ತಾನೆ. ಅತ್ತೆಗೆ ತಲೆಸುತ್ತಿನ ಮಾತ್ರೆ ಕೊಟ್ಟವರು ಸಜ್ಜನರೇ ಆಗಿದ್ದರು.

ಇದೆಲ್ಲ ಪರದೇಶದ ವಿಚಾರವೆಂದು ವಾಚಕರು ಭಾವಿಸಬಹುದು. ಹಾಗಲ್ಲವೆಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬಿಬ್ಬರು ಮನೋವೈದ್ಯರು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕೋಟದಲ್ಲಿ ಬ್ರಾಹ್ಮಣರು, ಬಂಟರು, ಮೊಗೇರರು ಈ ಮೂರು ಸಮುದಾಯಗಳ ಮನೋವ್ಯಥೆಯನ್ನು ಪರಿಶೀಲಿಸಿ 1976ರಲ್ಲಿ ಒಂದು ಗ್ರಂಥವನ್ನು ಹೊರತಂದರು. ಶಿವರಾಮ ಕಾರಂತರು ಹುಟ್ಟಿದ ಊರು ಹೀಗೆ ಮನೋವೈದ್ಯದ ಗ್ರಂಥಾಲಯಗಳಲ್ಲಿಯೂ ಸ್ಥಾನ ಪಡೆಯಿತು. ಮುಂದೆ 1981ರಲ್ಲಿ ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಅದೇ ಜಿಲ್ಲೆಯ ಹವ್ಯಕ ಮಹಿಳೆಯರನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಮನೆಯ ಹೊರಗೆ ಯಾರೊಡನೆಯೂ ದುಃಖವನ್ನು ತೋಡಿಕೊಳ್ಳಲಾಗದ ಹೆಂಗಸರು ಆ ದುಃಖವನ್ನು ಬೇರೆ ಬೇರೆ ದಾರಿಗಳಲ್ಲಿ ತಿಳಿಯಪಡಿಸುತ್ತಾರೆ. ಮೈನೋವು ನಿಶ್ಶಕ್ತಿಗಳಂಥ ದೇಹದ ದೂರು ಅವುಗಳಲ್ಲಿ ಮುಖ್ಯವಾದ ಒಂದು. ಅದು ಸುಳ್ಳೂ ಅಲ್ಲ, ಸೋಗೂ ಅಲ್ಲ, ಒಂದು ನುಡಿಗಟ್ಟು. ಇದು ಅವರ ವಾದದ ಸಾರ. ಇದಕ್ಕೆ ಅವರಿತ್ತ ಹೆಸರನ್ನು 'ಸಂಕಟದ ನುಡಿಗಟ್ಟು' ಎನ್ನಬಹುದು. ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಈ ಪರಿಕಲ್ಪನೆ ಸೇರಿತು. ನಮ್ಮ ಹಿತ್ತಿಲಲ್ಲಿ, ನಮ್ಮ ತಾಯಂದಿರ ಮಾತಿನಿಂದ ಎದ್ದ ತಿಳಿವು ಲೋಕದ ವೈದ್ಯರ ಕೈಪಿಡಿಗೆ ಹೋಯಿತು. ಆದರೆ ನಮ್ಮ ಎಷ್ಟು ಕನ್ನಡ ವಿಭಾಗಗಳಲ್ಲಿ, ಎಷ್ಟು ವೈದ್ಯಕೀಯ ಕಾಲೇಜುಗಳಲ್ಲಿ ಅದರ ಹೆಸರನ್ನು ಕೇಳಿದವರಿದ್ದಾರು?

ನಮ್ಮ ಹಿಂದಿನವರಿಗೆ ಈ ಎರಡು ಮನೆಗಳ ನಡುವೆ ಗೋಡೆಯಿರಲಿಲ್ಲ. 14ನೆಯ ಶತಮಾನದ ಮಂಗರಾಜನು ವಿಷವೈದ್ಯದ ಶಾಸ್ತ್ರವನ್ನು 'ಖಗೇಂದ್ರಮಣಿದರ್ಪಣ'ವೆಂಬ ಕನ್ನಡ ಪದ್ಯಗ್ರಂಥವಾಗಿಯೇ ಬರೆದನು. ಇತ್ತೀಚಿನ ಕಾಲದಲ್ಲಿ, 'ಕೊರವಂಜಿ'ಯಿಂದ ನಾಡನ್ನು ನಗಿಸಿದ ರಾಶಿ ವೈದ್ಯರು. ಮನಸ್ಸಿನ ವೈದ್ಯವನ್ನು ಕುರಿತ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅನುಪಮಾ ನಿರಂಜನರು ಕಾದಂಬರಿಗಳನ್ನು ಬರೆದ ಲೇಖನಿಯಿಂದಲೇ 'ತಾಯಿ ಮಗು'ವನ್ನೂ ಬರೆದರು. ಆದರೆ ಇವು ವ್ಯಕ್ತಿಗಳ ಸಾಧನೆಗಳು. ಒಬ್ಬರು ಕಣ್ಮರೆಯಾದರೆ ಅವರ ಕೆಲಸವೂ ನಿಲ್ಲುತ್ತದೆ. ವಿದ್ಯಾಸಂಸ್ಥೆಗಳು ಕೈಹಾಕಿದರೆ ಮಾತ್ರ ಅದು ಪರಂಪರೆಯಾದೀತು.

ಅವಕಾಶವಿಲ್ಲದಿಲ್ಲ. 2019ರಿಂದ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮದಲ್ಲಿ ಮನೋಭಾವ, ನೀತಿ ಮತ್ತು ಸಂವಹನ ಇವುಗಳ ಬೋಧನೆಗೆ ದೇಶದಾದ್ಯಂತ ಸ್ಥಳವಾಯಿತು. ಸ್ಥಳೀಯ ಭಾಷೆಯ ಕಲಿಕೆಯೂ ಅದರಲ್ಲಿ ಸೇರಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಆರೋಗ್ಯ ಮತ್ತು ಮಾನವಿಕಗಳಿಗೆ ಒಂದು ವಿಭಾಗವೇ ಏರ್ಪಟ್ಟಿತು. ಇಂಥ ಕಡೆ ಕನ್ನಡದ ಅಧ್ಯಾಪಕನು ವರ್ಣಮಾಲೆಯನ್ನು ಹೇಳಿಕೊಟ್ಟು ಹಿಂದಿರುಗುವ ಅತಿಥಿಯಾಗಬಾರದು, ಸಂಶೋಧನೆಯಲ್ಲಿ ಪಾಲುಗಾರನಾಗಬೇಕು.

ಮೊದಲ ಕೆಲಸವಾಗಿ ನಾನು ಸೂಚಿಸುವುದು ಬೇನೆಯ ಮಾತುಗಳ ಒಂದು ಕೋಶವನ್ನು. ಮೈಸೂರಿನವನಿಗೆ ಹುಷಾರಿಲ್ಲ, ಧಾರವಾಡದವನಿಗೆ ಆರಾಮಿಲ್ಲ, ಕರಾವಳಿಯವನಿಗೆ ಸೌಖ್ಯವಿಲ್ಲ. ಉತ್ತರದ ಕಡೆ ಕಾಯಿಲೆಗೆ ಜಡ್ಡೆಂದು ಹೆಸರು. ಉರಿ, ಚಳಕು, ಸೆಳೆತ, ಜೋಮು, ಹಿಂಡುವುದು, ಇರಿಯುವುದು, ಕಿವುಚುವುದು, ಇವುಗಳಲ್ಲಿ ಯಾವುದೂ ಇನ್ನೊಂದರ ಪರ್ಯಾಯವಲ್ಲ. ಹೊಟ್ಟೆಯುರಿ ಎಂಬ ಒಂದೇ ಮಾತು ಒಮ್ಮೆ ಜಠರದ ಸುದ್ದಿ, ಒಮ್ಮೆ ಮಗನನ್ನು ಕಳೆದುಕೊಂಡವಳ ಸುದ್ದಿ, ಕೆಲವೊಮ್ಮೆ ಎರಡೂ. ಯಾವ ಸೀಮೆಯಲ್ಲಿ, ಯಾರು, ಯಾವ ಸಂದರ್ಭದಲ್ಲಿ ಈ ಮಾತುಗಳನ್ನು ಆಡುತ್ತಾರೆ, ಪರೀಕ್ಷೆ ಮಾಡಿದಾಗ ವೈದ್ಯನು ಏನನ್ನು ಕಂಡನು, ಇವೆರಡನ್ನೂ ಜೊತೆಯಾಗಿ ಬರೆದಿಡಬೇಕು. ಎಂಟು ಸಂಪುಟಗಳ ನಿಘಂಟನ್ನು ಸಿದ್ಧಪಡಿಸಿಕೊಂಡ ಕನ್ನಡಕ್ಕೆ ಇದು ಮೀರಿದ ಕಾರ್ಯವಲ್ಲ. ಭಾಷಾಶಾಸ್ತ್ರದ ವಿದ್ಯಾರ್ಥಿಯೂ ವೈದ್ಯ ವಿದ್ಯಾರ್ಥಿಯೂ ಜಿಲ್ಲಾ ಆಸ್ಪತ್ರೆಯ ಒಂದೇ ಬೆಂಚಿನ ಮೇಲೆ ಒಂದು ವರ್ಷ ಕುಳಿತರೆ ಮೊದಲ ಸಂಪುಟದ ಸಾಮಗ್ರಿ ದೊರೆತೀತು.

ಅತ್ತೆ ಊರಿಗೆ ಹಿಂದಿರುಗಿದ್ದಾರೆ. ಕೈ ಕೂಡಿದೆ, ಸ್ವಲ್ಪ ಸೊಟ್ಟಾಗಿ. ಹೊರಡುವ ದಿನ ಮಾವನ ಖಾಲಿ ಡಬ್ಬಿಯನ್ನು ಕೇಳಿ ತೆಗೆದುಕೊಂಡು ಹೋದರು. ಅದನ್ನು ಯಾವ ಚೀಟಿಯಲ್ಲಿ ಬರೆಯಬೇಕೆಂದು ನಮ್ಮ ವೈದ್ಯರೂ ನಮ್ಮ ಪಂಡಿತರೂ ಒಟ್ಟಿಗೆ ಕುಳಿತು ಯೋಚಿಸುವ ಕಾಲ ಬರಲಿ.