ಅತ್ತೆ ಮಗಳು, ಚಿಕ್ಕಮ್ಮನ ಮಗಳು: ಜೀನುಗಳಿಗೆ ಇಬ್ಬರೂ ಒಂದೇ



ಅಪ್ಪನ ತಂಗಿ ನಿಮಗೆ ಏನಾಗಬೇಕು? ಅತ್ತೆ. ಗಂಡನ ತಾಯಿ? ಅವರೂ ಅತ್ತೆಯೇ. ಅಮ್ಮನ ಅಣ್ಣ ಮಾವ, ಹೆಂಡತಿಯ ತಂದೆಯೂ ಮಾವ. ಸೇಲಂ, ಧರ್ಮಪುರಿ ಕಡೆ ಮನೇಲಿ ಕನ್ನಡ, ಬೀದೀಲಿ ತಮಿಳು ಆಡುವ ನಿಮಗೆ ಗೊತ್ತು, ತಮಿಳಿನಲ್ಲೂ ಹೀಗೇ. ಯಾಕೆ? ಅತ್ತೆ ಮಗಳನ್ನೋ ಮಾವನ ಮಗಳನ್ನೋ ಮದುವೆಯಾಗೋ ರೂಢಿ ನಮ್ಮಲ್ಲಿ ಹಳೇದು. ಅದೇ ನಮ್ಮ ಮಾತಿನಲ್ಲಿ ಉಳಿದಿದೆ.

ಇಂಥ ಸಂಬಂಧಗಳನ್ನೇ ಅಭ್ಯಾಸ ಮಾಡಿದ ಪ್ರಾಧ್ಯಾಪಕರೊಬ್ಬರಿದ್ದರು. ಅವರು ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸ್. ಮೈಸೂರು ಸೀಮೆಯ ಮದುವೆ, ಕುಟುಂಬಗಳ ಬಗ್ಗೆ ಅವರು ಬರೆದ ಪುಸ್ತಕ 1942ರಲ್ಲಿ ಬಂತು. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು, ಜನರ ಮಾತು ಕೇಳಿ ಬರೆದುಕೊಂಡರು. 1970ರಲ್ಲಿ ಅಮೆರಿಕದಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದವು. ಆದರೂ ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಬರೆದರು. ಪುಸ್ತಕ 1976ರಲ್ಲಿ ಪ್ರಕಟವಾಯಿತು. ನೋಡೋದು, ಕೇಳೋದು, ಬರೆದಿಡೋದು. ಇದೂ ವಿಜ್ಞಾನವೇ, ಪ್ರಯೋಗಶಾಲೆ ಮಾತ್ರ ಅಲ್ಲ.

ಈಗ ಜೀವಶಾಸ್ತ್ರಕ್ಕೆ ಬನ್ನಿ. ಚಿಕ್ಕಮ್ಮನ ಮಗಳು ತಂಗಿ, ಮದುವೆಯ ಮಾತೇ ಇಲ್ಲ. ಅತ್ತೆ ಮಗಳಾದರೆ ಆಗಬಹುದು ಅಂತಾರೆ. ಆದರೆ ಜೀನುಗಳಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಇಬ್ಬರ ಜೊತೆಗೂ ನೀವು ಸರಾಸರಿ ಎಂಟರಲ್ಲಿ ಒಂದು ಪಾಲು ಜೀನುಗಳನ್ನು ಹಂಚಿಕೊಂಡಿರುತ್ತೀರಿ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಅದು ನಾಲ್ಕರಲ್ಲಿ ಒಂದು ಪಾಲು. ಮೆಂಡೆಲ್‌ನ ಬಟಾಣಿ ಪಾಠ ನೆನಪಿದೆಯಾ? ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಕಾಯಿಲೆಯ ಅಪ್ರಬಲ ಜೀನ್ ಅಡಗಿದ್ದರೆ, ಪ್ರತಿ ಮಗುವಿಗೂ ಆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಥಲಸ್ಸೀಮಿಯಾ ಹೀಗೇ ಬರುತ್ತದೆ. ರಕ್ತಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಒಂದೇ ಜೀನ್ ಇರುವ ಸಂಭವ ಹೆಚ್ಚು. ಹಾಗಂತ ಹೆದರಬೇಡಿ, ಇಂಥ ಮದುವೆಗಳಲ್ಲಿ ಹುಟ್ಟಿದ ಹೆಚ್ಚಿನ ಮಕ್ಕಳು ಆರೋಗ್ಯವಾಗೇ ಇರುತ್ತಾರೆ. ನಿಮ್ಮ ಅಪ್ಪ ಅಮ್ಮ ಹಾಗೆ ಮದುವೆಯಾಗಿದ್ದರೆ ಅದು ತಪ್ಪೂ ಅಲ್ಲ, ನಾಚಿಕೆಯೂ ಬೇಡ.

ನನ್ನ ಅಭಿಪ್ರಾಯ ಇಷ್ಟೇ: ಅತ್ತೆ, ಮಾವ ಅನ್ನೋ ಮಾತು ಉಳಿಯಲಿ, ರೂಢಿಯನ್ನು ಲೆಕ್ಕ ಹಾಕಿ ನೋಡೋಣ. ಆಸ್ತಿ ಹೊರಗೆ ಹೋಗಬಾರದು, ಹುಡುಗಿ ಕಣ್ಣೆದುರೇ ಇರಲಿ ಅನ್ನೋ ಹಿರಿಯರ ಕಾಳಜಿ ಅರ್ಥವಾಗುತ್ತದೆ. ಆದರೆ ಹುಟ್ಟಿದಾಗಲೇ "ಇವಳು ನಮ್ಮವನಿಗೇ" ಅಂತ ಗೊತ್ತುಮಾಡಿದರೆ, ಆ ಹುಡುಗಿಯನ್ನು ಕೇಳಿದವರು ಯಾರು?

ಮನೇಲಿ ಜಗಳ ಬೇಡ. ಶ್ರೀನಿವಾಸರ ಹಾಗೆ ಕೂತು ಕೇಳಿ. "ಅಜ್ಜಿ, ನಮ್ಮ ಮನೇಲಿ ಯಾರ್ಯಾರು ಯಾರನ್ನ ಮದುವೆ ಆದ್ರು?" ಅಂತ ಕೇಳಿ, ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ಹಾಳೆ ಎದುರಿಗಿದ್ದರೆ ಮಾತು ತಾನಾಗೇ ಬೆಳೆಯುತ್ತದೆ. ಇನ್ನು, ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಮಾಡುವುದು 2006ರ ಕಾಯ್ದೆ ಪ್ರಕಾರ ಅಪರಾಧ. ನಿಮಗೋ ಗೆಳತಿಗೋ ಅಂಥ ಒತ್ತಾಯ ಬಂದರೆ ನಿಮ್ಮ ಟೀಚರಿಗೆ ಹೇಳಿ, ಇಲ್ಲವೇ 1098ಕ್ಕೆ ಫೋನ್ ಮಾಡಿ. ಸುಮ್ಮನಿರಬೇಡಿ.