ಮುತ್ತಜ್ಜನ ಕಾಗದ ಊರಿನಲ್ಲಿಲ್ಲ, ನೀವಿರುವ ನಗರದಲ್ಲಿದೆ

ಮುತ್ತಜ್ಜನ ಅಪ್ಪ ಯಾರು, ಏನು ಮಾಡುತ್ತಿದ್ದ ಎಂದು ಹುಡುಕಲು ಹೊರಟವರು ಮೊದಲು ಮಾಡುವ ಕೆಲಸ ರಜೆ ಹಾಕಿ ಊರಿಗೆ ಹೋಗುವುದು. ಅಲ್ಲಿ ಸಿಗುವುದು ಬೀಗ ಹಾಕಿದ ಮನೆ, ಮಾರಿಹೋದ ಹೊಲ, ಮುದಿ ದೊಡ್ಡಪ್ಪನ ಅರೆನೆನಪು. ಬರಿಗೈಯಲ್ಲಿ ಮುಂಬೈಗೋ ಚೆನ್ನೈಗೋ ಮರಳುತ್ತಾರೆ. ಬೇಕಾದ ಕಾಗದ ಅವರು ರೈಲು ಹತ್ತಿದ ನಗರದಲ್ಲೇ ಇದ್ದಿರಬಹುದು.

ಹತ್ತೊಂಬತ್ತನೇ ಶತಮಾನದಲ್ಲಿ ಕನ್ನಡ ನಾಡಿಗೆ ಒಂದೇ ಕಚೇರಿ ಇರಲಿಲ್ಲ. ಧಾರವಾಡ, ಬೆಳಗಾವಿ ಬಾಂಬೆ ಪ್ರಾಂತದಲ್ಲಿದ್ದವು. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸಿನಲ್ಲಿ. ರಾಯಚೂರು, ಕಲಬುರಗಿ, ಬೀದರ್ ನಿಜಾಮನ ಕೈಯಲ್ಲಿ. ಮೈಸೂರನ್ನು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು ಆಳಿದರು. ಹಾಗಾಗಿ ಕಾಗದಗಳೂ ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯ ಪತ್ರಾಗಾರಗಳಿಗೆ ಹಂಚಿಹೋದವು. ಪೇಶ್ವೆಯವರ ದಫ್ತರ ಪುಣೆಯಲ್ಲಿದೆ. ಹೊರನಾಡ ಕನ್ನಡಿಗ ಊರಿನಿಂದ ದೂರವಿರಬಹುದು, ದಾಖಲೆಯಿಂದ ಅಲ್ಲ.

ತೊಡಕು ಲಿಪಿಯದು. ಪುಣೆಯ ಕಡತ ಮೋಡಿಯಲ್ಲಿದೆ, ನಿಜಾಮನ ಕಡತ ಫಾರಸಿ, ಉರ್ದುವಿನಲ್ಲಿದೆ. ಕನ್ನಡ ಬಲ್ಲವರಿಗೆ ಅವು ಓದಲು ಬರುವುದಿಲ್ಲ, ಓದಬಲ್ಲವರಿಗೆ ಆ ಊರುಗಳ ಪರಿಚಯವಿಲ್ಲ. ಅಲ್ಲಿನ ಕನ್ನಡ ಸಂಘಗಳು ವರ್ಷಕ್ಕೊಂದು ನಾಟಕ ಆಡಿಸುವ ಖರ್ಚಿನಲ್ಲಿ ನಾಲ್ಕು ಹುಡುಗರಿಗೆ ಮೋಡಿ ಕಲಿಸಿದರೆ ಅದು ನಾಟಕಕ್ಕಿಂತ ಕಡಿಮೆ ಕನ್ನಡ ಸೇವೆಯಲ್ಲ.

ಇನ್ನೊಂದು ತೊಡಕು ಇಸವಿಯದು. ಮನೆಯ ಹಿರಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. 'ಧಾತು ಸಂವತ್ಸರದಲ್ಲಿ ಹುಟ್ಟಿದವ' ಎಂದರೆ ಅದು 1816 ಇರಬಹುದು, 1876 ಇರಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಮಗ, ಮೊಮ್ಮಗನ ವಯಸ್ಸು ಹಿಡಿದು ಹಿಂದಕ್ಕೆ ಎಣಿಸದಿದ್ದರೆ ಎರಡು ತಲೆಮಾರೇ ತಪ್ಪಿಹೋಗುತ್ತದೆ.

ಆದರೆ ಅದೇ ಧಾತು, ಅದರ ಮುಂದಿನ ಈಶ್ವರ ಎಂಬ ಎರಡು ಹೆಸರು ಅನೇಕ ಮನೆಗಳ ಕಥೆಯನ್ನು ಬಿಡಿಸುವ ಕೀಲಿ. 1876ರಿಂದ 78ರ ಬರ ಆಗ ಬಂದದ್ದು. 1871ರಲ್ಲಿ ಮೈಸೂರಿನ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು 42 ಲಕ್ಷದ ಒಳಗೆ ಇಳಿದಿತ್ತು. ಬಳ್ಳಾರಿ, ಧಾರವಾಡದ ಕಡೆಯೂ ಊರೂರು ಬರಿದಾದವು. ಕುಲದೇವರು ಕನಸಿನಲ್ಲಿ ಬಂದು ಹೇಳಿದ್ದಕ್ಕೆ ಹಿರಿಯರು ಊರು ಬಿಟ್ಟರು ಎಂಬ ಕಥೆ ನಿಮ್ಮ ಮನೆಯಲ್ಲಿದ್ದರೆ, ಬಿಟ್ಟ ವರ್ಷ ಯಾವುದೆಂದು ಒಮ್ಮೆ ಕೇಳಿ ನೋಡಬೇಕು. ಹಸಿವಿಗೆ ಊರು ಬಿಟ್ಟವರು ಮಕ್ಕಳ ಮುಂದೆ ಹಸಿವಿನ ಮಾತು ಆಡದೆ ದೇವರ ಮಾತು ಆಡಿರಬಹುದು. ಅದು ಸುಳ್ಳಲ್ಲ, ಮಾನ ಕಾಯ್ದುಕೊಂಡ ರೀತಿ.

ವಂಶಾವಳಿ ಬರೆಯುವವರು ಎಡವುವುದು ಇಲ್ಲಿಯೇ. ಅವರಿಗೆ ಬೇಕಾದದ್ದು ದಿವಾನ, ದೇಸಾಯಿ, ಆಸ್ಥಾನ ಪಂಡಿತ. ಬರದಲ್ಲಿ ಕೂಲಿಗೆ ಹೋದವನು, ಸಾಲಕ್ಕೆ ಹೊಲ ಬಿಟ್ಟವನು ಪಟ್ಟಿಯಲ್ಲಿ ಬರಿ ಹೆಸರಾಗುತ್ತಾನೆ. ಹೆಣ್ಣುಮಕ್ಕಳಿಗಂತೂ ಹೆಸರೂ ಇರುವುದಿಲ್ಲ. ಏಳು ತಲೆಮಾರಿನ ಪಟ್ಟಿಯಲ್ಲಿ ಏಳು ಗಂಡಸರು, ಹಡೆದವರು ಯಾರೂ ಇಲ್ಲ.

ಸರ್ಕಾರದ ಕಡತವೂ ಈ ನ್ಯಾಯ ಸರಿಪಡಿಸುವುದಿಲ್ಲ. ಅದರಲ್ಲಿ ಹೆಸರು ಉಳಿಯುವುದು ಹೆಚ್ಚಾಗಿ ಭೂಮಿ, ಇನಾಮು, ಕಂದಾಯ, ವ್ಯಾಜ್ಯ ಇದ್ದವರದು. ಉಳುವ ಭೂಮಿಯೇ ಇಲ್ಲದ ಮನೆತನಕ್ಕೆ, ತವರು ಬಿಟ್ಟು ಬಂದ ಹೆಣ್ಣಿಗೆ ಇರುವ ಪತ್ರಾಗಾರ ಒಂದೇ: ಮನೆಯ ಹಿರಿಯರ ಬಾಯಿ.

ಆದ್ದರಿಂದ ಹುಡುಕಾಟ ಶುರುವಾಗಬೇಕಾದದ್ದು ಅಜ್ಜನಿಂದಲ್ಲ, ಅಜ್ಜಿಯಿಂದ. ಅವಳ ತವರು ಯಾವುದು, ಅವಳ ತಾಯಿಯ ಹೆಸರೇನು, ಬಾಣಂತನ ಎಲ್ಲಿ ಆಯಿತು, ಹುಟ್ಟಿ ಉಳಿಯದ ಮಕ್ಕಳೆಷ್ಟು ಎಂದು ಕೇಳಿ ಬರೆದುಕೊಳ್ಳಬೇಕು. ಪತ್ರಾಗಾರದ ಕಡತ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ತೊಂಬತ್ತು ದಾಟಿದ ಅಜ್ಜಿಗೆ ಫೋನು ಮಾಡುವುದನ್ನು ಮಾತ್ರ ಮುಂದಿನ ರಜೆಗೆ ಇಟ್ಟುಕೊಳ್ಳಬಾರದು.