ಒಂದೇ ನಾಲೆ, ನೂರಾರು ಗದ್ದೆ

“ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಏನು ಕೆಲಸವೆಂದರೆ ಪೈಪ್‌ಲೈನ್ ನೋಡಿಕೊಳ್ಳುವುದು ಅನ್ನುತ್ತಾನೆ. ನೀರಿನ ಪೈಪೇ ಮೇಷ್ಟ್ರೇ?” ಇದು ಸೊರಬದ ಪಾಲಕರೊಬ್ಬರ ಪ್ರಶ್ನೆ. ನೀರಿನದಲ್ಲ. ಆದರೆ ನೀರಿನ ಉದಾಹರಣೆಯಿಂದಲೇ ಇದನ್ನು ಚೆನ್ನಾಗಿ ತಿಳಿಯಬಹುದು.

ಪ್ರೋಗ್ರಾಂ ಬರೆದ ಮಾತ್ರಕ್ಕೆ ಅದು ಬಳಕೆಗೆ ಸಿದ್ಧವಾಗುವುದಿಲ್ಲ. ಬೇಕಾದ ಭಾಗಗಳನ್ನು ತಂದು ಜೋಡಿಸಬೇಕು, ಪರೀಕ್ಷಿಸಬೇಕು, ಆಮೇಲೆ ಬಳಸುವವರಿಗೆ ಕಳಿಸಬೇಕು. ಪ್ರತಿ ತಿದ್ದುಪಡಿಯ ನಂತರವೂ ಇಷ್ಟನ್ನು ಕಂಪ್ಯೂಟರೇ ಸಾಲಾಗಿ ಮಾಡುವ ಏರ್ಪಾಡಿಗೆ ಪೈಪ್‌ಲೈನ್ ಎನ್ನುತ್ತಾರೆ. ಅದರ ಸೂಚನೆಗಳು ಒಂದು ಪುಟ್ಟ ಕಡತದಲ್ಲಿರುತ್ತವೆ.

ಇನ್ನೂರು ಪ್ರೋಗ್ರಾಂಗಳಿದ್ದರೆ? ಕಡತವನ್ನು ಇನ್ನೂರು ಕಡೆ ನಕಲು ಮಾಡಬಹುದು. ಸೊರಬ ಸೀಮೆಯ ಹಳ್ಳಿಗಳ ಕೆರೆಗಳಂತೆ, ಒಂದರ ತೂಬು ಕೆಟ್ಟರೆ ಪಕ್ಕದೂರಿನ ಗದ್ದೆಗೆ ತೊಂದರೆಯಿಲ್ಲ (ಕೋಡಿ ಬಿದ್ದಾಗಿನ ಮಾತು ಬೇರೆ). ಆದರೆ ಸಣ್ಣದೊಂದು ತಿದ್ದುಪಡಿಯನ್ನೂ ಇನ್ನೂರು ಕಡೆ ಮಾಡಬೇಕು. ಕೆಲವು ತಿಂಗಳಲ್ಲೇ ಯಾವ ನಕಲಿನಲ್ಲಿ ಏನಿದೆಯೆಂದು ಯಾರಿಗೂ ತಿಳಿಯದಾಗುತ್ತದೆ. ಹಾಗಾಗಿ ಸೂಚನೆಗಳನ್ನು ಒಂದೇ ಕಡೆ ಇಟ್ಟು, ಎಲ್ಲ ಪ್ರೋಗ್ರಾಂಗಳೂ ಅಲ್ಲಿಂದಲೇ ಪಡೆಯುವಂತೆ ಮಾಡುತ್ತಾರೆ. ಶಿಕಾರಿಪುರದ ಬಳಿ ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯದ ನೀರು ನಾಲೆಯಲ್ಲಿ ಹರಿದು ಎಷ್ಟೋ ಗದ್ದೆಗಳನ್ನು ಸೇರುವುದಿಲ್ಲವೇ, ಹಾಗೆ. ಜೆಂಕಿನ್ಸ್, ಗಿಟ್‌ಲ್ಯಾಬ್, ಗಿಟ್‌ಹಬ್ ಮೂರರಲ್ಲೂ ಈ ಅನುಕೂಲವಿದೆ.

ನಾಲೆಯ ಬಾಯಲ್ಲೇ ನೀರು ಕೆಟ್ಟರೆ? 2025ರ ಮಾರ್ಚ್‌ನಲ್ಲಿ ಹಾಗೇ ಆಯಿತು. ಗಿಟ್‌ಹಬ್‌ನ 23,000ಕ್ಕೂ ಹೆಚ್ಚು ಯೋಜನೆಗಳು ‘ಟಿಜೆ-ಆಕ್ಷನ್ಸ್’ ಎಂಬಲ್ಲಿಂದ ಒಂದು ಪುಟ್ಟ ಸಾಧನವನ್ನು ತಮ್ಮ ಪೈಪ್‌ಲೈನ್‌ಗೆ ಪಡೆಯುತ್ತಿದ್ದವು. ಯಾವ ಕಡತಗಳು ಬದಲಾಗಿವೆ ಎಂದು ಹೇಳುವುದಷ್ಟೇ ಅದರ ಕೆಲಸ. ಕಿಡಿಗೇಡಿಗಳು ಅದರೊಳಗೆ ಕೆಟ್ಟ ಸೂಚನೆ ಸೇರಿಸಿದರು. ಅಷ್ಟೇ ಅಲ್ಲ, ಹಳೆಯ ಆವೃತ್ತಿಗಳ ಹೆಸರಿನ ಚೀಟಿಗಳನ್ನೂ ಕಿತ್ತು ಈ ಕೆಟ್ಟದ್ದಕ್ಕೆ ಅಂಟಿಸಿದರು! ಅದು ಓಡಿದಲ್ಲಿ ಪಾಸ್‌ವರ್ಡ್‌ನಂಥ ಗುಟ್ಟಿನ ಮಾಹಿತಿ ಕೆಲಸದ ದಾಖಲೆಯಲ್ಲಿ ಅಚ್ಚಾಗುತ್ತಿತ್ತು. ಸಾರ್ವಜನಿಕ ಯೋಜನೆಗಳಲ್ಲಿ ಆ ದಾಖಲೆಯನ್ನು ಯಾರು ಬೇಕಾದರೂ ಓದಬಹುದಿತ್ತು.

ಚೀಟಿಯ ಹೆಸರನ್ನು ನಂಬದೆ ಬೆರಳಚ್ಚನ್ನು ನಂಬಿದವರು ಪಾರಾದರು. ಒಳಗಿರುವ ಬರಹದಿಂದಲೇ ಲೆಕ್ಕ ಹಾಕಿ ‘ಗಿಟ್’ ಪ್ರತಿ ಆವೃತ್ತಿಗೂ ಸಾಮಾನ್ಯವಾಗಿ 40 ಅಂಕಿ-ಅಕ್ಷರಗಳ ಗುರುತೊಂದನ್ನು ಕೊಡುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಗುರುತು ಬೇರೆಯಾಗುತ್ತದೆ. ಇಂಥದೇ ಗುರುತಿನದು ಬೇಕು ಎಂದು ಬರೆದಿಟ್ಟವರಿಗೆ ಹಳೆಯ ಒಳ್ಳೆಯ ನೀರೇ ಬಂತು.

“ಹಾಗಾದರೆ ನಕಲೇ ವಾಸಿ” ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೂಲ ಒಂದೇ ಇರಲಿ. ಯಾವ ಆವೃತ್ತಿ ಬೇಕೆಂಬುದನ್ನು ಆಯಾ ಪ್ರೋಗ್ರಾಂನವರು ಬರೆದಿಡಲಿ. ಹೊಸದನ್ನು ಮೊದಲು ಎರಡು ಮೂರು ಕಡೆ ಓಡಿಸಿ ನೋಡಿ, ಆಮೇಲೆ ಉಳಿದವರಿಗೆ ಕೊಡಲಿ. ಇದರಲ್ಲೂ ದುಡಿಮೆಯಿದೆ. ಗುರುತು ಬರೆದು ಮರೆತರೆ ಹಳೆಯ ದೋಷಗಳೂ ಹಾಗೇ ಉಳಿಯುತ್ತವೆ. ಕಾಲಕಾಲಕ್ಕೆ ನೋಡಿ ಬದಲಿಸಲು ಒಬ್ಬರು ಇರಲೇಬೇಕು. ಪಾಲಕರೇ, ನಿಮ್ಮ ಮಗನ ಕೆಲಸ ಇದು.

ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳು ಗಿಟ್ ಅನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಒಂದು ಕಡತದಲ್ಲಿ ನಿಮ್ಮ ಹೆಸರು ಬರೆದು ‘ಗಿಟ್ ಹ್ಯಾಶ್-ಆಬ್ಜೆಕ್ಟ್’ ಆದೇಶದಿಂದ ಅದರ ಗುರುತನ್ನು ಪಡೆಯಿರಿ. ಹೆಸರಿನ ಒಂದೇ ಅಕ್ಷರ ಬದಲಿಸಿ ಮತ್ತೆ ಪಡೆಯಿರಿ. ಎರಡನ್ನೂ ಒಂದರ ಕೆಳಗೊಂದು ಬರೆದು, ಒಂದೇ ಸ್ಥಾನದಲ್ಲಿ ಹೊಂದುವ ಅಂಕಿಗಳು ಎಷ್ಟಿವೆ ಎಣಿಸಿ ನೋಡಿ.